ಕ್ಯಾಸೆಟ್ ಡಿವಿಡಿ ಮಾಡ್ಸೋ ಮುಂಚೆ ಬೂಸ್ಟು ನೋಡ್ಕಳಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಚಪ್ಪಲಿ, ಬೆಲ್ಟು, ಕಪಾಟಲ್ಲಿರೋ ಸೀರೆ ಎಲ್ಲಕ್ಕೂ ಬೂಸ್ಟು ಬರುತ್ತೆ, ಅದನ್ನೆಲ್ಲ ತೆಗೆದು ಒರೆಸ್ತೀವಿ, ಆದ್ರೆ ಅಟ್ಟದ ಟ್ರಂಕಲ್ಲಿರೋ ವಿಡಿಯೋ ಕ್ಯಾಸೆಟ್ ಯಾರಿಗೂ ನೆನಪಾಗಲ್ಲ. ತೊಂಬತ್ತರ ದಶಕದ ಮದುವೆ, ಉಪನಯನ, ಊರ ಬಯಲಾಟ ಎಲ್ಲ ಅದ್ರಲ್ಲೇ ಇರೋದು. ಈಗ ಬೆಂಗಳೂರಿಂದ ಬಂದ ಮಕ್ಳು ಡಿವಿಡಿ ಮಾಡ್ಸಿ ಅಂತಾರೆ, ನಾವೂ ಚೀಲಕ್ಕೆ ತುಂಬ್ಕೊಂಡು ಶಿವಮೊಗ್ಗ ಬಸ್ ಹತ್ತತೀವಿ.

ಕೊಡೋ ಮುಂಚೆ ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಬಿಟ್ಟು ನೋಡಿ. ಸುರುಳಿ ಕಪ್ಪಗೆ ನುಣ್ಣಗಿದ್ರೆ ಸರಿ, ಅಂಚಲ್ಲಿ ಅಕ್ಕಿಹಿಟ್ಟು ಉದುರಿದಂಗೆ ಬೆಳ್ಳಗಿದ್ರೆ ಅದು ಬೂಸ್ಟು. ಹಂಗೇ ಕ್ಯಾಸೆಟ್ ಓಡಿಸೋ ವಿಸಿಆರ್‌ಗೆ ಹಾಕಿದ್ರೆ ಟೇಪ್ ಓದೋ ಹೆಡ್ಡಿಗೆ ಮೆತ್ಕೊಂಡು ಚಿತ್ರ ಕೆಡುತ್ತೆ, ಟೇಪ್ ಸಿಕ್ಕಾಕ್ಕೊಂಡು ಹರಿದ್ರೂ ಹರೀತು, ಮೇಲಿಂದ ಅದೇ ಮೆಷಿನ್ನಿಗೆ ಹಾಕೋ ಮುಂದಿನವ್ರ ಕ್ಯಾಸೆಟ್ಟಿಗೂ ಅಂಟುತ್ತೆ. ಹಪ್ಳದ ಜೊತೆ ಬಿಸಿಲಿಗೆ ಇಡ್ಬೇಡಿ ಮತ್ತೆ, ಪ್ಲಾಸ್ಟಿಕ್ ಸೊಟ್ಟಗಾಗುತ್ತೆ. ಮೊದ್ಲು ಟೇಪ್ ಒರೆಸಿ ಕ್ಲೀನ್ ಮಾಡೋರಿಗೇ ಕೊಡಿ. ನಮ್ಮದನ್ನ ಅಂಗಡಿಯವ್ರು ನೋಡ್ದೇ ಹಾಕಿದ್ರು, ತಂಗಿ ಮದುವೇಲಿ ಸರಿಯಾಗಿ ಧಾರೆ ಹೊತ್ತಿಗೆ ಬರೀ ಗೆರೆ. ಹಾರ್ಟ್ ಒಳಗೆ ಮದುಮಕ್ಕಳ ಮುಖ ತಿರುಗೋ ಗ್ರಾಫಿಕ್ಸ್ ಮಾತ್ರ ಚೂರೂ ಕೆಟ್ಟಿಲ್ಲ ನೋಡಿ!

ಇನ್ನೊಂದು ವಿಷ್ಯ. ಮೂರು ಗಂಟೆ ಕ್ಯಾಸೆಟ್ ಕಾಪಿ ಆಗೋಕೆ ಮೂರು ಗಂಟೆನೇ ಬೇಕು, ಅದನ್ನ ಓಡಿಸ್ತಾನೇ ರೆಕಾರ್ಡ್ ಮಾಡೋದು, ಹಂಗಾಗಿ ಟೀ ಕುಡ್ದು ಬನ್ನಿ ಕೊಡ್ತೀವಿ ಅನ್ನೋರನ್ನ ನಂಬ್ಬೇಡಿ. ಮಾಮೂಲಿ ಡಿವಿಡಿ 4.7 ಜಿಬಿ, ಒಳ್ಳೆ ಕ್ವಾಲಿಟೀಲಿ ಹೆಚ್ಚುಕಮ್ಮಿ ಎರಡು ಗಂಟೆ ಹಿಡಿಯುತ್ತೆ, ಇವ್ರು ಡಿಸ್ಕ್ ಉಳಿಸೋಕೆ ಮೂರು ಗಂಟೇನೂ ಒಂದಕ್ಕೇ ತುರುಕಿದ್ರೆ ಬಯಲಾಟದಲ್ಲಿ ವೇಷ ಗಿರಕಿ ಹೊಡೆಯೋವಾಗ ಚಿತ್ರ ಚೌಕ ಚೌಕ ಆಗುತ್ತೆ. ಎರಡು ಡಿಸ್ಕಿಗೆ ಮಾಡ್ಸಿ, ಫೈಲನ್ನ ಹಾರ್ಡ್‌ಡಿಸ್ಕಿಗೂ ಹಾಕಿಸ್ಕಳಿ, ಯಾಕಂದ್ರೆ ಈಗಿನ ಲ್ಯಾಪ್‌ಟಾಪಲ್ಲಿ ಡಿಸ್ಕ್ ಹಾಕೋ ಜಾಗನೇ ಇರಲ್ಲ, ರೈಟ್ ಮಾಡಿದ ಡಿವಿಡಿನೂ ವರ್ಷ ಕಳೆದಂಗೆ ಕೆಡುತ್ತೆ. ಹಳೇ ಕ್ಯಾಸೆಟ್ ಬಿಸಾಕ್ಬೇಡಿ.

ಮದುವೆ ಕ್ಯಾಸೆಟ್ ನಮ್ಮ ಖರ್ಚು, ಒಪ್ಕೋತೀನಿ. ಆದ್ರೆ ಬಯಲಾಟ, ತಾಳಮದ್ದಳೆ ಕ್ಯಾಸೆಟ್ಟು ಇಡೀ ಊರಿಂದು, ಅದ್ರಲ್ಲಿರೋ ಎಷ್ಟೋ ಭಾಗವತರು ಈಗಿಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈಗೆ ವಿಸಿಆರ್ ಮಾಡೋದನ್ನ ನಿಲ್ಲಿಸ್ತು, ಕೊನೇವರೆಗೂ ಮಾಡ್ತಿದ್ದಿದ್ದು ಅದೊಂದೇ, ಈಗ ಓಡ್ತಿರೋದೆಲ್ಲ ಹಳೇ ಮೆಷಿನ್ನು. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೋ ಕನ್ನಡ ಸಂಸ್ಕೃತಿ ಇಲಾಖೆಲೋ ಒಂದು ಒಳ್ಳೆ ವಿಸಿಆರ್, ಒಂದು ಕಂಪ್ಯೂಟರ್, ಕೆಲ್ಸ ಗೊತ್ತಿರೋ ಒಬ್ಬ ಹುಡುಗ ಇಷ್ಟು ಇಟ್ರೆ ಸಾಕು, ಕ್ಯಾಸೆಟ್ ತಂದುಕೊಡೋಕೆ ನಾವಿದೀವಿ. ಓದುಗರ ಮನೇಲಿ ಓಡೋ ವಿಸಿಆರ್ ಇದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲೂಕು