ಒಂಟಿಯಾಗಿ ವಿಮಾನ ಹತ್ತುವ ಮಕ್ಕಳು: ಇಳಿಸಿಕೊಳ್ಳುವವರ ಹೆಸರು ಸರಿಯಿರಲಿ

ಮಾನ್ಯರೇ,

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನಿಂದ ಅಜ್ಜ–ಅಜ್ಜಿಯ ಊರಿಗೆ ಮಕ್ಕಳನ್ನಷ್ಟೇ ವಿಮಾನದಲ್ಲಿ ಕಳಿಸುವ ಮನೆಗಳಿವೆ. ಸಾಮಾನ್ಯವಾಗಿ 5 ತುಂಬಿದ, 12 ತುಂಬದ ಮಗುವನ್ನು ವಿಮಾನ ಸಂಸ್ಥೆಗಳು ‘ಅನ್‌ಅಕಂಪನೀಡ್ ಮೈನರ್’ (ಜೊತೆಗಾರರಿಲ್ಲದ ಮಗು) ಎಂದು ಬರೆದುಕೊಂಡು, ಬೇರೆ ಶುಲ್ಕ ಪಡೆದು ಒಯ್ಯುತ್ತವೆ. ಐದರೊಳಗಿನ ಮಗುವನ್ನು ಒಂಟಿಯಾಗಿ ಹತ್ತಿಸಿಕೊಳ್ಳುವುದಿಲ್ಲ. ಆ್ಯಪ್‌ನಲ್ಲಿ ದೊಡ್ಡವರೆಂದು ನಮೂದಿಸಿ ಟಿಕೆಟ್ ಪಡೆದರೆ ಕೌಂಟರಿನಲ್ಲೇ ತಡೆಯುತ್ತಾರೆ. ಮೊದಲು ಕಾಲ್‌ಸೆಂಟರಿಗೆ ಫೋನ್ ಮಾಡಿ, ಆ ವಿಮಾನದಲ್ಲಿ ಈ ಸೇವೆ ಉಂಟೇ ಎಂದು ಕೇಳಿ, ಆಮೇಲೆ ದುಡ್ಡು ಕಟ್ಟಬೇಕು. ನಡುವೆ ವಿಮಾನ ಬದಲಿಸುವ ಟಿಕೆಟ್ ಬೇಡವೇ ಬೇಡ. ಮಕ್ಕಳಿಗೆ ಪೋಷಕರ ಪಕ್ಕದಲ್ಲೇ ಸೀಟು ಕೊಡಬೇಕೆಂದು 2024ರಲ್ಲಿ ವಿಮಾನಯಾನದ ನಿಯಂತ್ರಕ ಡಿಜಿಸಿಎ ಹೇಳಿದ್ದು ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್‌ನಲ್ಲಿ, ಜೊತೆಗೆ ಹೋಗುವವರಿಗೆ. ಅದನ್ನು ಒಂಟಿಯಾಗಿ ಹೋಗುವ ಮಕ್ಕಳ ಸೇವೆಗೆ ಗಂಟು ಹಾಕುವವರೂ ಇದ್ದಾರೆ!

ಎಡವಟ್ಟಾಗುವುದು ಹೆಚ್ಚಾಗಿ ಈ ಸೇವೆಗೆ ತುಂಬಿಕೊಡುವ ಫಾರಂನಲ್ಲಿ. ಮಗುವನ್ನು ಒಪ್ಪಿಸುವವರು, ಆಚೆ ಊರಿನಲ್ಲಿ ಇಳಿಸಿಕೊಳ್ಳುವವರು, ಇಬ್ಬರ ಹೆಸರು, ವಿಳಾಸ, ಫೋನ್ ನಂಬರ್ ಅದರಲ್ಲಿರಬೇಕು. ಇಳಿದ ಮೇಲೆ ಸಿಬ್ಬಂದಿ ಫೋಟೊ ಇರುವ ಗುರುತಿನ ಚೀಟಿ ನೋಡಿ, ಹೆಸರು ಹೊಂದಿದರಷ್ಟೇ ಮಗುವನ್ನು ಕೊಡುತ್ತಾರೆ. ನಮ್ಮಲ್ಲಿ ಇನಿಷಿಯಲ್ಲಿನ ಪಾಡು ಗೊತ್ತೇ ಇದೆ: ಫಾರಂನಲ್ಲಿ ‘ಕೆ.ಎಸ್. ರಾಮಣ್ಣ’, ಆಧಾರ್‌ನಲ್ಲಿ ಊರ ಹೆಸರು, ಅಪ್ಪನ ಹೆಸರು ಪೂರ್ತಿ. ಮನೆಯಲ್ಲಿ ಕರೆಯುವ ಹೆಸರು ಬರೆದಿದ್ದರಂತೂ ಮುಗಿಯಿತು. ಅಜ್ಜನ ಆಧಾರ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ. ಚಿಕ್ಕಪ್ಪ ಬಂದು ಕರೆದೊಯ್ಯುತ್ತಾರೆ ಎಂದು ಕೊನೆ ಗಳಿಗೆಯಲ್ಲಿ ಫೋನ್ ಮಾಡಿ ಹೇಳಿದರೆ ಕೇಳುವುದಿಲ್ಲ, ಕೇಳಲೂ ಬಾರದು.

ವೆಬ್ ಚೆಕ್‌–ಇನ್ ಇದಕ್ಕೆ ನಡೆಯದು. ಕೌಂಟರ್ ಮುಚ್ಚುವುದು ಹೊರಡುವ 60 ನಿಮಿಷ ಮೊದಲೇ ಆದರೂ, ಫಾರಂ, ರಸೀದಿ, ಸಹಿ ಎಂದು ಹೊತ್ತು ಹಿಡಿಯುತ್ತದೆ. ಎರಡೂವರೆ ಗಂಟೆ ಮುಂಚೆ ದೇವನಹಳ್ಳಿಯಲ್ಲಿರಬೇಕು. ಟರ್ಮಿನಲ್ ಟಿ1, ಟಿ2 ಯಾವುದೆಂದು ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿ. ಸಿಬ್ಬಂದಿ ಮಗುವನ್ನು ಒಳಗೆ ಕರೆದೊಯ್ದರೆಂದು ಕಾರು ಹತ್ತಬೇಡಿ. ವಿಮಾನ ಮೇಲೇರುವವರೆಗೆ ಅಲ್ಲೇ ಇರಿ, ರನ್‌ವೇ ಹತ್ತಿರ ಹೋದದ್ದು ತಿರುಗಿ ಬರುವುದುಂಟು.

ಹೊತ್ತಿನ ಆಯ್ಕೆಯೂ ಮುಖ್ಯ. ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಮಳೆ ಹಿಡಿದರೆ ಬೆಂಗಳೂರಿಗೆ ಬರುವ ವಿಮಾನಗಳನ್ನು ಚೆನ್ನೈಗೆ ತಿರುಗಿಸುತ್ತಾರೆ. ಡಿಸೆಂಬರ್–ಜನವರಿಯ ನಸುಕಿನಲ್ಲಿ ಮಂಜಿನ ಕಾಟ. ಬೆಳಿಗ್ಗೆ 9ರಿಂದ 12ರೊಳಗಿನ ವಿಮಾನ ವಾಸಿ. ಕುತ್ತಿಗೆಯ ಚೀಲದಲ್ಲಿ ಫಾರಂ ಪ್ರತಿ, ಕಾಗದದ ಮೇಲೆ ಬರೆದ ಎರಡು ಫೋನ್ ನಂಬರ್, ಇಳಿಯುವಾಗ ಕಿವಿ ಕಟ್ಟಿದರೆ ಚೀಪಲು ನಾಲ್ಕು ಪೆಪ್ಪರ್‌ಮಿಂಟ್. ಗಗನಸಖಿಯರು ಮಾತ್ರೆ ಕೊಡುತ್ತಾರೆಂದು ನಂಬಿ ಕೂರಬೇಡಿ.

ವಿಮಾನ ಸಂಸ್ಥೆಗಳಲ್ಲಿ ಒಂದು ಕೋರಿಕೆ. ಇಳಿಸಿಕೊಳ್ಳುವವರ ಹೆಸರಿಗೆ ಫಾರಂನಲ್ಲಿ ಒಂದರ ಬದಲು ಎರಡು ಸಾಲು ಕೊಡಿ. ವಿಮಾನ ತಡವಾಗಿ ಅರ್ಧರಾತ್ರಿಗೆ ಇಳಿದಾಗ ಅಜ್ಜ ಬರಲಾಗದಿದ್ದರೆ ಚಿಕ್ಕಮ್ಮನಾದರೂ ಬರಬಹುದು. ಆ ಫಾರಂ ಕನ್ನಡದಲ್ಲೂ ಇದ್ದರೆ, ಏನಕ್ಕೆ ಸಹಿ ಹಾಕುತ್ತಿದ್ದೇವೆಂದು ಅಜ್ಜಿಗೂ ತಿಳಿಯುತ್ತದೆ.

–ಟಿಕೆಟ್ ಏಜೆಂಟರೊಬ್ಬರು, ಮಲ್ಲೇಶ್ವರ, ಬೆಂಗಳೂರು