ಡ್ರೈಕ್ಲೀನಿಂಗ್ ಕೆಲಸಗಾರರ ಉಸಿರಿನ ಗಾಳಿಯನ್ನು ಅಳೆಯಿರಿ

ಮಾನ್ಯರೆ,

‘ವಾಸನೆ ಬರುತ್ತಿಲ್ಲ, ಅಂದಮೇಲೆ ತೊಂದರೆಯಿಲ್ಲ’ ಎಂಬ ನಂಬಿಕೆ ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ ಬಲವಾಗಿದೆ. ಇದು ಅಪಾಯಕಾರಿ. ಬಟ್ಟೆ ಶುಚಿಗೊಳಿಸಲು ಬಳಸುವ ಪರ್ಕ್ಲೋರೋಎಥಿಲೀನ್ (ಪರ್ಕ್) ದ್ರಾವಕದ ಸಿಹಿ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ, ಗಾಳಿಯಲ್ಲಿ ಆವಿ ಹಾಗೆಯೇ ಇರುತ್ತದೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ಇದನ್ನು, ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ 2ಎ ಗುಂಪಿಗೆ ಸೇರಿಸಿದೆ.

ಅಳತೆ ಮಾಡಿಸುವ ಕೆಲವರೂ ಯಂತ್ರವನ್ನು ಕೋಣೆಯ ನಡುವೆ ಮೇಜಿನ ಮೇಲಿಟ್ಟು ಮುಗಿಸುತ್ತಾರೆ. ಅದರಿಂದ ಕೋಣೆಯ ಸ್ಥಿತಿ ತಿಳಿದೀತೇ ಹೊರತು ಕೆಲಸಗಾರ ಉಸಿರಾಡಿದ್ದೆಷ್ಟು ಎಂಬುದು ತಿಳಿಯದು. ಸಕ್ರಿಯ ಇದ್ದಿಲು ತುಂಬಿದ ಗಾಜಿನ ಕೊಳವೆಯನ್ನು ಕೆಲಸಗಾರರ ಕಾಲರಿಗೆ, ಮೂಗಿನಿಂದ ಒಂದು ಗೇಣಿನೊಳಗೆ, ನೆಟ್ಟಗೆ ನಿಲ್ಲುವಂತೆ ಸಿಕ್ಕಿಸಬೇಕು, ಪಂಪು ಸೊಂಟದಲ್ಲಿರಲಿ. ನಿಮಿಷಕ್ಕೆ 0.05 ಲೀಟರಿನಂತೆ 8 ಗಂಟೆ ಎಳೆದರೆ 24 ಲೀಟರ್ ಗಾಳಿಯಾಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ 1003 ವಿಧಾನದಲ್ಲಿ ಪರ್ಕ್‌ಗೆ ಗರಿಷ್ಠ 40 ಲೀಟರ್. ವೇಗವನ್ನು 0.1ಕ್ಕೆ ಏರಿಸಿದರೆ ಪಾಳಿಗೆ 48 ಲೀಟರ್ ಆಗಿಬಿಡುತ್ತದೆ, ಆಗ ನಡುವೆ ಕೊಳವೆ ಬದಲಿಸಲೇಬೇಕು. ಮಳೆಗಾಲದ ತೇವದಲ್ಲಿ ಇದ್ದಿಲಿನ ಹೀರುವ ಶಕ್ತಿಯೂ ಕುಗ್ಗುತ್ತದೆ. ಕೊಳವೆಯ ಹಿಂಭಾಗದ ಇದ್ದಿಲಿನಲ್ಲಿ ಸಿಕ್ಕ ದ್ರಾವಕ ಮುಂಭಾಗದ್ದರ ಹತ್ತನೇ ಒಂದು ಪಾಲು ಮೀರಿದರೆ ಆವಿ ದಾಟಿಹೋಗಿದೆ ಎಂದೇ ಅರ್ಥ. ಆ ಫಲಿತಾಂಶ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪಂಪಿನ ವೇಗವನ್ನು ಕೊಳವೆ ಜೋಡಿಸಿಯೇ, ಪಾಳಿಯ ಮೊದಲೂ ಕೊನೆಗೂ ಪರೀಕ್ಷಿಸಬೇಕು. ಗಾಳಿ ಎಳೆಯದ ಒಂದೆರಡು ಇದ್ದಿಲು ಕೊಳವೆಗಳನ್ನೂ ಹೋಲಿಕೆಗಾಗಿ ಪ್ರಯೋಗಾಲಯಕ್ಕೆ ಕಳಿಸಬೇಕು. ಯಾವ ಕೊಳವೆಯನ್ನೂ ದ್ರಾವಕದ ಕ್ಯಾನಿನ ಜೊತೆ ಸಾಗಿಸಬಾರದು.

ಇಡೀ ಪಾಳಿಯ ಸರಾಸರಿಯೊಂದೇ ಸಾಲದು. ಒಣಗುವ ಮೊದಲೇ ಅವಸರದಲ್ಲಿ ಯಂತ್ರದ ಬಾಗಿಲು ತೆರೆದು ಬಟ್ಟೆ ತೆಗೆಯುವಾಗ, ಗುಂಡಿ-ಪಿನ್ನು ಸಿಕ್ಕಿಕೊಳ್ಳುವ ಜಾಲರಿ ತೊಳೆಯುವಾಗ, ದ್ರಾವಕವನ್ನು ಕಾಯಿಸಿ ಶುದ್ಧಗೊಳಿಸುವ ಭಟ್ಟಿಯ ತಳದ ಕೆಸರು ಕೆರೆಯುವಾಗ ಆವಿ ಒಮ್ಮೆಲೇ ಮುಖಕ್ಕೆ ನುಗ್ಗುತ್ತದೆ. ಈ ಕೆಲಸಗಳಿಗೆ ನಿಮಿಷಕ್ಕೆ 0.2 ಲೀಟರಿನಂತೆ 15 ನಿಮಿಷದ ಪ್ರತ್ಯೇಕ ಮಾದರಿ ಬೇಕು. ಇಸ್ತ್ರಿ ಮಾಡುವವರನ್ನೂ ಬಿಡಬಾರದು, ಬಟ್ಟೆಯಲ್ಲಿ ಉಳಿದ ಪರ್ಕ್ ಬಿಸಿಗೆ ಎದ್ದು ಬರುತ್ತದೆ. ಬಟ್ಟೆಯ ಮಾಸ್ಕು ಈ ಆವಿಯನ್ನು ತಡೆಯುವುದೇ ಇಲ್ಲ.

ವರದಿ ಓದುವಾಗ ಯಾವ ಮಿತಿಗೆ ಹೋಲಿಸಿದ್ದಾರೆಂದು ನೋಡಿ. 8 ಗಂಟೆಯ ಸರಾಸರಿಗೆ ಅಮೆರಿಕದ ಕಾನೂನಿನ ಹಳೆಯ ಮಿತಿ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ ಆವಿ). ಅಲ್ಲಿನ ತಜ್ಞರ ಸಂಘ ಎಸಿಜಿಐಎಚ್ ಹೇಳುವುದು 25. ಐರೋಪ್ಯ ಒಕ್ಕೂಟದ್ದು 20. ಒಂದೇ ಅಂಗಡಿ ಒಂದರಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಘನಮೀಟರಿಗೆ 6.78 ಮಿಲಿಗ್ರಾಂ ಎಂದರೆ 1 ಪಿಪಿಎಂ. ಈ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಪರ್ಕ್ ಬದಲು ಎಂಟಿಒ (ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಟರ್ಪೆಂಟೈನ್ ಎಣ್ಣೆ) ಬಳಸುವ ಕಡೆ ಪರ್ಕ್ ಅಳೆಯುವುದು ವ್ಯರ್ಥ. ಅಲ್ಲಿ ಒಟ್ಟು ಹೈಡ್ರೋಕಾರ್ಬನ್ ಅಳೆಯಬೇಕು, ಜೊತೆಗೆ ಬೆಂಕಿಯ ಅಪಾಯವನ್ನೂ ನೋಡಬೇಕು. ಮೊದಲು ಕ್ಯಾನಿನ ಲೇಬಲ್ ಓದಿ.

ಪರ್ಕ್ ಕೊಬ್ಬಿನಲ್ಲಿ ಸೇರಿ ನಿಧಾನವಾಗಿ ಹೊರಬರುತ್ತದೆ. ಹಾಗಾಗಿ ಮರುದಿನ ಪಾಳಿಗೆ ಮುನ್ನ ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿದು ಪರೀಕ್ಷಿಸಬಹುದು. ಉಸಿರನ್ನು ಅಂಗಡಿಯ ಹೊರಗೆ ಹಿಡಿಯಬೇಕು, ಒಳಗೆ ಹಿಡಿದರೆ ಅಲ್ಲಿನ ಗಾಳಿಯೂ ಸೇರುತ್ತದೆ.

ಒಗೆಯುವುದು, ಶುಚಿಗೊಳಿಸುವುದು 1948ರ ಕಾರ್ಖಾನೆ ಕಾಯ್ದೆಯಲ್ಲಿ ತಯಾರಿಕಾ ಪ್ರಕ್ರಿಯೆಯೇ ಆಗಿತ್ತು. ಆದರೆ ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಕೆಲಸಗಾರರಿರಬೇಕಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯದ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಮೂರು-ನಾಲ್ಕು ಮಂದಿ ದುಡಿಯುವ ಬೀದಿಬದಿಯ ಅಂಗಡಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ರಾಜ್ಯದ ಕಾರ್ಮಿಕ ಇಲಾಖೆ, ದೇವನಹಳ್ಳಿ ಬಳಿಯ ಐಸಿಎಂಆರ್ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರದ ನೆರವು ಪಡೆದು, ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಈ ಅಳತೆ ಮಾಡಿಸಲಿ. ಫಲಿತಾಂಶವನ್ನು ಮಾಲೀಕರಿಗಷ್ಟೇ ಅಲ್ಲ, ಕೊಳವೆ ಧರಿಸಿದ ಕೆಲಸಗಾರರ ಕೈಗೂ ಕನ್ನಡದಲ್ಲಿ ಬರೆದು ಕೊಡಲಿ.

– ಔದ್ಯೋಗಿಕ ಆರೋಗ್ಯ ತಜ್ಞರು, ಬೆಂಗಳೂರು