ಉಚಿತ ವಕೀಲರಿದ್ದಾರೆ, ದೂರು ಬರೆದುಕೊಡುವವರಿಲ್ಲ

ಮಾನ್ಯ ಸಂಪಾದಕರೇ,

ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಸರ್ಕಾರದ ಕಡೆಯಿಂದ ಉಚಿತ ವಕೀಲರು ಸಿಗುತ್ತಾರೆ ಎಂಬ ನಂಬಿಕೆ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಗೇಟುಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಅದು ತಪ್ಪು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಯಾವುದೇ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. ಆದಾಯದ ಮಿತಿ ಇರುವುದು ಬೇರೆ ವರ್ಗದ ಅರ್ಜಿದಾರರಿಗೆ. ಕೌಂಟರಿನಲ್ಲಿ ಯಾರಾದರೂ ಆದಾಯ ಪ್ರಮಾಣಪತ್ರ ತನ್ನಿ ಎಂದರೆ, 12ನೇ ಸೆಕ್ಷನ್‌ನ (ಸಿ) ಖಂಡದಡಿ ಬಂದಿದ್ದೇನೆ ಎಂದು ಅರ್ಜಿಯಲ್ಲೇ ಬರೆದುಕೊಟ್ಟರೆ ಸಾಕು. ವಕೀಲರ ಶುಲ್ಕ, ಕೋರ್ಟ್ ಶುಲ್ಕ, ನೋಟಿಸ್ ಜಾರಿಯ ಖರ್ಚು, ದೃಢೀಕೃತ ನಕಲಿನ ಖರ್ಚು ಎಲ್ಲವೂ ಪ್ರಾಧಿಕಾರದ್ದೇ. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕಿನಲ್ಲಿ ಸಮಿತಿ ಇದೆ, ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಸಹಾಯವಾಣಿ 15100.

ಇಷ್ಟೆಲ್ಲ ಇದ್ದೂ ದುಡಿಯುವ ಹೆಣ್ಣುಮಕ್ಕಳ ಪ್ರಕರಣಗಳು ಬಿದ್ದುಹೋಗುವುದು ಕೋರ್ಟಿನಲ್ಲಲ್ಲ, ಅದಕ್ಕೂ ಮೊದಲು. ದೂರು ಕೊಡುವ ಹೊತ್ತಿಗೆ ಅವಧಿ ಮೀರಿರುತ್ತದೆ, ಅಥವಾ ಕೊಟ್ಟ ದೂರಿನಲ್ಲಿ ಹೇಳಬೇಕಾದದ್ದೇ ಇರುವುದಿಲ್ಲ, ಅಥವಾ ಕೊಟ್ಟದ್ದಕ್ಕೆ ಸ್ವೀಕೃತಿ ಇರುವುದಿಲ್ಲ. ವಕೀಲರ ಕೈಗೆ ಕಡತ ಬರುವಾಗ ಸರಿಪಡಿಸಲು ಏನೂ ಉಳಿದಿರುವುದಿಲ್ಲ. ನಮ್ಮ ಒತ್ತಾಯ ಇಷ್ಟೇ: ಉಚಿತ ನೆರವು ಕೋರ್ಟಿನ ಬಾಗಿಲಲ್ಲಿ ಅಲ್ಲ, ಮೊದಲ ಕಾಗದ ಬರೆಯುವಾಗಲೇ ಸಿಗಬೇಕು.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನೇ ನೋಡಿ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆಯಲ್ಲೆಲ್ಲ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಬೇಕು. ಕಂಪನಿಗೆ ನಾಲ್ಕು ಯೂನಿಟ್ ಇದ್ದರೆ ನಾಲ್ಕು ಸಮಿತಿ, ಹೆಡ್ ಆಫೀಸಿನಲ್ಲಿ ಒಂದಿದ್ದರೆ ಆಗದು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಒಬ್ಬರು ಹೊರಗಿನವರು. ಸಮಿತಿಯನ್ನೇ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ದೂರು ಲಿಖಿತವಾಗಿರಬೇಕು, ಕೊನೆಯ ಘಟನೆ ನಡೆದ ದಿನದಿಂದ ಮೂರು ತಿಂಗಳೊಳಗೆ ಕೊಡಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಅದನ್ನು ಬರೆದಿಟ್ಟು ಇನ್ನೂ ಮೂರು ತಿಂಗಳು ಕೊಡಬಹುದು. ಅದರಾಚೆ ಸಮಿತಿಯ ಮುಂದೆ ದಾರಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ವಿಶ್ವವಿದ್ಯಾಲಯವೊಂದರ ಪ್ರಕರಣದಲ್ಲಿ, ಅವಧಿ ಮೀರಿ ಬಂದ ದೂರನ್ನು ಸಮಿತಿ ತಳ್ಳಿಹಾಕಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಈ ಮೂರು ತಿಂಗಳು ಹೇಗೆ ಕಳೆಯುತ್ತದೆ? ಮೊದಲು ಎಚ್‌ಆರ್‌ಗೆ ಬಾಯಿಮಾತಿನಲ್ಲಿ ಹೇಳುತ್ತಾರೆ. "ವಿಚಾರಿಸ್ತೀವಿ, ನೀವು ಹೋಗಿ ಕೆಲಸ ನೋಡಿ" ಎಂಬ ಉತ್ತರ ಬರುತ್ತದೆ. ಆಕೆ ಕೂರುವ ಹೊಲಿಗೆ ಲೈನ್ ಬದಲಾಯಿಸುತ್ತಾರೆ. ಅಲ್ಲಿಗೆ ಒಂದು ತಿಂಗಳು. ಆಮೇಲೆ ಸಲಹಾ ಪೆಟ್ಟಿಗೆಗೆ ಹೆಸರಿಲ್ಲದ ಚೀಟಿ ಬೀಳುತ್ತದೆ, ಅದು ಕಾಯ್ದೆಯ ಲೆಕ್ಕಕ್ಕೆ ದೂರೇ ಅಲ್ಲ. ಕೊನೆಗೆ ಬರೆದುಕೊಟ್ಟದ್ದು ಒಂದೇ ಸಾಲು: "ಸೂಪರ್‌ವೈಸರ್ ತುಂಬಾ ತೊಂದರೆ ಕೊಡುತ್ತಿದ್ದಾರೆ, ದಯವಿಟ್ಟು ಕ್ರಮ ತೆಗೆದುಕೊಳ್ಳಿ." ಈ ಸಾಲನ್ನು ದಿನದ ಉತ್ಪಾದನೆಯ ಟಾರ್ಗೆಟ್ ಜಗಳ ಎಂದು ಓದಿ ಮುಚ್ಚಿಹಾಕುವುದು ಯಾವ ಕಂಪನಿಗೂ ಕಷ್ಟವಲ್ಲ.

ಅದೇ ದೂರು ಹೀಗಿದ್ದರೆ: "ಜೂನ್ 12ರಂದು ಮಧ್ಯಾಹ್ನ ಊಟದ ಬೆಲ್ ಆದ ಮೇಲೆ, 4ನೇ ಲೈನಿನ ಕೊನೆಯ ಮೆಷಿನ್ ಹತ್ತಿರ, ಬಂಡಲ್ ಕೊಡುವ ನೆಪದಲ್ಲಿ ನನ್ನ ಸೊಂಟ ಮುಟ್ಟಿದರು. ಬೇಡ ಅಂದಿದ್ದಕ್ಕೆ, ಓಟಿ ಬೇಕಾದ್ರೆ ನಾನ್ ಹೇಳ್ದಂಗೆ ಕೇಳ್ಬೇಕು ಅಂದರು. ಪಕ್ಕದ ಮೆಷಿನ್‌ನ ಇಬ್ಬರು ನೋಡಿದ್ದಾರೆ." ತಾರೀಖು, ಜಾಗ, ಮುಟ್ಟಿದ್ದು ಎಲ್ಲಿ, ಆಡಿದ ಮಾತು, ನೋಡಿದವರು. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕು. ನಾಚಿಕೆಯಿಂದ "ಅಸಭ್ಯವಾಗಿ ಮಾತನಾಡಿದರು" ಎಂದು ಬರೆದರೆ ಏನು ಅಸಭ್ಯ ಎಂಬುದೇ ವಿಚಾರಣೆಯ ಚರ್ಚೆಯಾಗಿಬಿಡುತ್ತದೆ. ಕೆಲಸದ ಅನುಕೂಲವನ್ನು ಮುಂದಿಟ್ಟು ಒತ್ತಾಯಿಸುವುದನ್ನು ಕಾಯ್ದೆ ಪ್ರತ್ಯೇಕವಾಗಿ ಹೆಸರಿಸಿದೆ, ಹಾಗಾಗಿ ಓಟಿಯ (ಓವರ್‌ಟೈಮ್ ಕೆಲಸದ) ಮಾತು ಬಿಟ್ಟುಹೋಗಬಾರದು. ಒಂದಕ್ಕಿಂತ ಹೆಚ್ಚು ಘಟನೆ ಇದ್ದರೆ ತಾರೀಖಿನ ಪ್ರಕಾರ ಬರೆದು, ಕೊನೆಯದು ಯಾವುದು ಎಂದು ಸ್ಪಷ್ಟವಾಗಿ ಹೇಳಬೇಕು. ಮೂರು ತಿಂಗಳ ಎಣಿಕೆ ಶುರುವಾಗುವುದು ಅಲ್ಲಿಂದ.

ದೂರಿನ ಆರು ಪ್ರತಿ ಬೇಕು, ಜೊತೆಗೆ ಸಾಕ್ಷಿಗಳ ಹೆಸರು ಮತ್ತು ವಿಳಾಸ, ವಾಟ್ಸಾಪ್ ಸಂದೇಶ ಇದ್ದರೆ ಅದರ ಪ್ರಿಂಟ್. ಸಂದೇಶವನ್ನು ಫೋನಿನಿಂದ ಅಳಿಸಬಾರದು. ಏಳನೇ ಪ್ರತಿ ತನಗಾಗಿ, ಅದರ ಮೇಲೆ ಸಮಿತಿಯ ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಕೊಡದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯದೇ ಕರ್ತವ್ಯ ಎಂದು 9ನೇ ಸೆಕ್ಷನ್ ಹೇಳುತ್ತದೆ. ಆದರೆ ಮ್ಯಾನೇಜ್‌ಮೆಂಟ್ ನೇಮಿಸಿದ ಸಮಿತಿಯ ಎದುರು ಕೂತು ಮ್ಯಾನೇಜ್‌ಮೆಂಟಿನ ಮನುಷ್ಯನ ಮೇಲೆ ದೂರು ಬರೆಸಿಕೊಳ್ಳಿ ಎನ್ನುವುದು ಎಷ್ಟು ಜನರಿಂದ ಆಗುವ ಮಾತು?

ದೂರು ಕೊಟ್ಟ ಮೇಲಿನ ಲೆಕ್ಕವೂ ಗೊತ್ತಿರಲಿ. ಏಳು ಕೆಲಸದ ದಿನಗಳಲ್ಲಿ ಎದುರಾಳಿಗೆ ಪ್ರತಿ ಹೋಗಬೇಕು, ಅವರು ಹತ್ತು ಕೆಲಸದ ದಿನಗಳಲ್ಲಿ ಉತ್ತರಿಸಬೇಕು, 90 ದಿನಗಳಲ್ಲಿ ವಿಚಾರಣೆ ಮುಗಿದು, ಮುಂದಿನ ಹತ್ತು ದಿನಗಳಲ್ಲಿ ವರದಿ, ಅದು ಕೈಸೇರಿದ 60 ದಿನಗಳಲ್ಲಿ ಮಾಲೀಕರ ಕ್ರಮ. ಒಪ್ಪದಿದ್ದರೆ 90 ದಿನಗಳಲ್ಲಿ ಮೇಲ್ಮನವಿ. ವಿಚಾರಣೆ ನಡೆಯುವಾಗ ತನ್ನನ್ನೋ ಆತನನ್ನೋ ಬೇರೆಡೆ ವರ್ಗಾಯಿಸಲು, ಅಥವಾ ಮೂರು ತಿಂಗಳವರೆಗೆ ರಜೆ ಕೊಡಲು ಆಕೆ ಲಿಖಿತವಾಗಿ ಕೇಳಬಹುದು. ರಾಜಿ ಮಾಡಿಸುವುದು ಆಕೆ ಕೇಳಿದರೆ ಮಾತ್ರ, ಹಣ ಕೊಟ್ಟು ರಾಜಿ ಮಾಡುವಂತಿಲ್ಲ. ಸರಿಯಾದ ಕಾರಣವಿಲ್ಲದೆ ಸತತ ಮೂರು ವಿಚಾರಣೆಗೆ ಗೈರಾದರೆ ಸಮಿತಿ ದೂರನ್ನೇ ಮುಚ್ಚಬಹುದು, ಅದಕ್ಕೆ ಮೊದಲು 15 ದಿನಗಳ ನೋಟಿಸ್ ಕೊಡಬೇಕು. ಕೆಲಸ ಬಿಟ್ಟು ಊರಿಗೆ ಹೋದವರ ದೂರುಗಳು ಸಾಯುವುದು ಇಲ್ಲೇ. ಸಾಬೀತಾಗದ ದೂರೆಲ್ಲ ಸುಳ್ಳು ದೂರಲ್ಲ ಎಂದು 14ನೇ ಸೆಕ್ಷನ್ ಬಿಡಿಸಿ ಹೇಳಿದ್ದರೂ, "ಪ್ರೂವ್ ಆಗದಿದ್ದರೆ ನಿನ್ನ ಮೇಲೇ ಕೇಸು" ಎಂದು ಹೆದರಿಸುವುದು ಮಾತ್ರ ನಿಂತಿಲ್ಲ.

ಸಮಿತಿಯ ಮುಂದೆ ವಕೀಲರನ್ನು ಕರೆತರುವಂತಿಲ್ಲ ಎಂಬುದು 2013ರ ನಿಯಮ. ಇದನ್ನೇ ಹಿಡಿದುಕೊಂಡು, ಕಾನೂನು ನೆರವಿನ ಕಚೇರಿಗಳಲ್ಲೂ ಕೆಲವರು "ಇದು ಕೋರ್ಟ್ ಕೇಸಲ್ಲವಲ್ಲ" ಎಂದು ಕೈತೊಳೆದುಕೊಳ್ಳುತ್ತಾರೆ. 1987ರ ಕಾಯ್ದೆಯಲ್ಲಿ ಕಾನೂನು ಸೇವೆ ಎಂದರೆ ಪ್ರಕರಣ ನಡೆಸುವುದಷ್ಟೇ ಅಲ್ಲ, ಯಾವುದೇ ಕಾನೂನು ವಿಷಯದಲ್ಲಿ ಸಲಹೆ ಕೊಡುವುದೂ ಸೇರಿದೆ. ವಕೀಲರು ಸಮಿತಿಯ ಕೋಣೆಯೊಳಗೆ ಬರುವಂತಿಲ್ಲ, ನಿಜ. ಹೊರಗೆ ಕೂತು ದೂರು ಬರೆದುಕೊಡಲು, ಸಾಕ್ಷಿಗೆ ಏನು ಕೇಳಬೇಕೆಂದು ಹೇಳಿಕೊಡಲು, ಅವಧಿ ಎಣಿಸಿಕೊಡಲು ಯಾವ ಅಡ್ಡಿಯೂ ಇಲ್ಲ.

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಬ್ಯೂಟಿ ಪಾರ್ಲರ್, ಕ್ಲಿನಿಕ್‌ಗಳಲ್ಲಿ ದುಡಿಯುವವರು, ಮನೆಗೆಲಸದವರು, ಮಾಲೀಕನ ಮೇಲೆಯೇ ದೂರು ಇರುವವರು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಮನೆಗೆಲಸದವರ ದೂರು ಮೇಲ್ನೋಟಕ್ಕೆ ನಿಜವೆನಿಸಿದರೆ ಸಮಿತಿ ಏಳು ದಿನಗಳಲ್ಲಿ ಪೊಲೀಸರಿಗೆ ಕಳಿಸಬೇಕು. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಅಧಿಕಾರಿ, ಸ್ಥಳೀಯ ಸಮಿತಿ, ತಾಲ್ಲೂಕುಗಳಲ್ಲಿ ದೂರು ಪಡೆದು ಸಮಿತಿಗೆ ತಲುಪಿಸುವ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಗಡುವು ಹಾಕಿ ಆದೇಶಿಸಿತು. ಕಾಗದದಲ್ಲಿ ಸಮಿತಿ ಇರುವುದು ಬೇರೆ, ಮನೆಗೆಲಸದ ಮಹಿಳೆಗೆ ಅದರ ವಿಳಾಸ ಗೊತ್ತಿರುವುದು ಬೇರೆ. ಇದರ ಜೊತೆಗೆ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಲು ಸಮಿತಿಯ ವಿಚಾರಣೆ ಅಡ್ಡಬರುವುದಿಲ್ಲ.

ಇನ್ನು ಹೆರಿಗೆಯ ವಿಷಯ. ಇಲ್ಲಿ ಮೋಸ ನಡೆಯುವುದು ರಾಜೀನಾಮೆ ಪತ್ರದ ಮೂಲಕ. ಐದನೇ ತಿಂಗಳು ತುಂಬುತ್ತಿದ್ದಂತೆ "ಈಗ ರಿಸೈನ್ ಮಾಡು, ಹೆರಿಗೆ ಆದಮೇಲೆ ಬಾ, ಹೊಸದಾಗಿ ಸೇರಿಸ್ಕೋತೀವಿ" ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. ಆ ಒಂದು ಸಹಿಯಿಂದ ಹೆರಿಗೆ ರಜೆಯ ಸಂಬಳವೂ ಹೋಯಿತು, ಸೇವಾವಧಿ ತುಂಡಾಗಿ ಗ್ರಾಚ್ಯುಟಿಯೂ ಹೋಯಿತು. ಒತ್ತಾಯಕ್ಕೆ ಸಹಿ ಹಾಕಿದ್ದರೆ ಮರುದಿನವೇ "ನಾನು ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟಿಲ್ಲ, ಇಂಥವರು ಇಂಥ ದಿನ ಒತ್ತಾಯಿಸಿ ಬರೆಸಿಕೊಂಡರು, ಇದನ್ನು ಹಿಂಪಡೆಯುತ್ತಿದ್ದೇನೆ" ಎಂದು ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹೋಗಬೇಕು, ಪ್ರತಿ ಕಾರ್ಮಿಕ ಅಧಿಕಾರಿಗೆ. ಫೈನಲ್ ಸೆಟಲ್‌ಮೆಂಟ್ ಕಾಗದದಲ್ಲಿ "ಯಾವುದೇ ಬಾಕಿ ಇಲ್ಲ" ಎಂಬ ಸಾಲಿನ ಕೆಳಗೆ ಸಹಿ ಹಾಕಬಾರದು. ಕೈಯಲ್ಲಿ ಕಾಸಿಲ್ಲವೆಂದು ಆತುರಕ್ಕೆ ಪಿಎಫ್ ತೆಗೆದುಬಿಟ್ಟರೆ, ಕೆಲಸ ಬಿಟ್ಟಿದ್ದನ್ನು ಒಪ್ಪಿಕೊಂಡಂತಾಯಿತು ಎಂದು ಎದುರು ವಕೀಲರು ವಾದಿಸುವುದು ಖಚಿತ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವವರಿಗೆ ಹೆರಿಗೆ ಸಂಬಳ ಕೊಡುವುದು ಕಂಪನಿಯಲ್ಲ, ಇಎಸ್‌ಐ ನಿಗಮ. ಮಾಸಿಕ ಸಂಬಳ 21,000 ರೂಪಾಯಿವರೆಗೆ ಇರುವವರು ಇದರಡಿ ಬರುತ್ತಾರೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 70 ದಿನಗಳ ವಂತಿಗೆ ಕಟ್ಟಿರಬೇಕು. ಎಡವಟ್ಟಾಗುವುದು ಈ 70ರಲ್ಲೇ. ಸಂಬಳದಿಂದ ಹಣ ಹಿಡಿದಿರುತ್ತಾರೆ, ಗುತ್ತಿಗೆದಾರ ಕಟ್ಟಿರುವುದಿಲ್ಲ, ಅಥವಾ ಹಾಜರಿ ಕಡಿಮೆ ತೋರಿಸಿರುತ್ತಾರೆ. ಬಸುರಿ ಎಂದು ಗೊತ್ತಾದ ತಿಂಗಳೇ ಇಎಸ್‌ಐ ಜಾಲತಾಣದಲ್ಲಿ ತನ್ನ ವಿಮಾ ಸಂಖ್ಯೆ ಹಾಕಿ ದಿನಗಳನ್ನು ನೋಡಿಕೊಂಡರೆ, ತಪ್ಪಿದ್ದಲ್ಲಿ ಸಂಬಳ ಚೀಟಿ ಹಿಡಿದು ಇಎಸ್‌ಐ ಶಾಖಾ ಕಚೇರಿಗೆ ಹೋಗಲು ಸಮಯ ಇರುತ್ತದೆ. ಇಎಸ್‌ಐ ಇಲ್ಲದವರಿಗೆ ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ, ಆಮೇಲಿನದಕ್ಕೆ 12 ವಾರ, ಗರ್ಭಪಾತವಾದರೆ ಆರು ವಾರ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ "ಆ ಹೆರಿಗೆ ಕಾಯ್ದೆ ಈಗ ಇಲ್ಲಮ್ಮ" ಎಂಬ ಹೊಸ ನೆಪ ಹುಟ್ಟಿಕೊಂಡಿದೆ. 1961ರ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಅಷ್ಟೇ. 26 ವಾರ, 80 ದಿನ, 50 ಮಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರ, ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ ಎಂಬ ನಿಯಮ, ಎಲ್ಲವೂ ಅಲ್ಲಿವೆ. ರಜೆಯ ನಡುವೆ ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ. ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೂ ಈ ಸಂಹಿತೆಗಳ ಹೊರಗೆ, ಇದ್ದ ಹಾಗೇ ಇದೆ.

ಕಾನೂನು ತಿಳಿಯುವಷ್ಟು ಜಾಣತನ ಇವರಿಗಿಲ್ಲ ಎನ್ನುವವರಿಗೆ ಒಂದು ಮಾತು. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಾದಾಗ ಬೆಂಗಳೂರಿನ ರಸ್ತೆಗಳಿಗೆ ಇಳಿದದ್ದು ಇದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಬೇಕಾಯಿತು. ಪಿಎಫ್ ಲೆಕ್ಕ ಅವರಿಗೆ ಬಾಯಿಪಾಠ, ಏಕೆಂದರೆ ಅದು ಪ್ರತಿ ತಿಂಗಳ ಚೀಟಿಯಲ್ಲಿ ಕಾಣುತ್ತದೆ. ಆಂತರಿಕ ಸಮಿತಿಯ ಹೆಸರು ಎಲ್ಲಿ ಕಾಣುತ್ತದೆ? ಆಫೀಸ್ ಬ್ಲಾಕಿನ ಗೋಡೆಯ ಮೇಲೆ, ಇಂಗ್ಲಿಷಿನಲ್ಲಿ.

ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮತ್ತು ಕಾರ್ಮಿಕ ಇಲಾಖೆಗೆ ನಮ್ಮ ಕೋರಿಕೆಗಳಿವೆ. ಪ್ರಾಧಿಕಾರದ ಕಚೇರಿ ತೆರೆದಿರುವ ಹೊತ್ತಿನಲ್ಲಿ ಈ ಹೆಣ್ಣುಮಕ್ಕಳು ಲೈನಿನಲ್ಲಿರುತ್ತಾರೆ. ಅರ್ಧ ದಿನ ರಜೆ ಹಾಕಿದರೆ ಕೂಲಿಯ ಜೊತೆ ಹಾಜರಿ ಬೋನಸ್ಸೂ ಹೋಗುತ್ತದೆ. ಆದ್ದರಿಂದ ಪೀಣ್ಯ, ಬೊಮ್ಮನಹಳ್ಳಿ, ರಾಮನಗರ, ಮದ್ದೂರು, ಶ್ರೀರಂಗಪಟ್ಟಣದಂಥ ಕಡೆ ಭಾನುವಾರ ಬೆಳಿಗ್ಗೆ ಕಾನೂನು ನೆರವಿನ ಮೇಜು ಬೇಕು. ಭಾಷಣದ ಶಿಬಿರ ಬೇಡ, ದೂರು ಬರೆದು ಜೆರಾಕ್ಸ್ ಮಾಡಿಸಿ ಕೈಗೆ ಕೊಟ್ಟು ಕಳಿಸುವ ಮೇಜು ಬೇಕು. ಒಬ್ಬ ಪ್ಯಾನೆಲ್ ವಕೀಲರು (ಪ್ರಾಧಿಕಾರದ ಪಟ್ಟಿಯಲ್ಲಿರುವವರು), ಇಬ್ಬರು ಮಹಿಳಾ ಅರೆ ಕಾನೂನು ಸ್ವಯಂಸೇವಕರು (ಪ್ರಾಧಿಕಾರ ತರಬೇತಿ ಕೊಟ್ಟ ಸಹಾಯಕರು), ಒಂದು ಪ್ರಿಂಟರ್ ಇದ್ದರೆ ಆಗುತ್ತದೆ. ಕಾರ್ಮಿಕ ಕಾನೂನಿಗೆ ಪ್ರತ್ಯೇಕ ಪ್ಯಾನೆಲ್ ಇರಬೇಕೆಂದು ಕಾನೂನು ನೆರವಿನ 2010ರ ನಿಯಮಾವಳಿಯೇ ಹೇಳುತ್ತದೆ. ಜೀವನಾಂಶದ ಕೇಸುಗಳಲ್ಲಿ ಪಳಗಿದವರಿಗೆ ಇಎಸ್‌ಐ ಕಡತ ಒಪ್ಪಿಸಿದರೆ ಇಬ್ಬರಿಗೂ ಕಷ್ಟ. ಪ್ಯಾನೆಲ್ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ, ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ದೂರು ಕೊಟ್ಟು ವಕೀಲರನ್ನು ಬದಲಿಸಿಕೊಳ್ಳಬಹುದು ಎಂಬುದನ್ನು ಅರ್ಜಿ ನಮೂನೆಯ ಮೇಲೆಯೇ ಅಚ್ಚು ಹಾಕಿಸಲಿ.

ಕಾರ್ಮಿಕ ಇಲಾಖೆ ತಪಾಸಣೆಗೆ ಹೋದಾಗ ಆಂತರಿಕ ಸಮಿತಿ ಇದೆಯೇ ಎಂದು ರಿಜಿಸ್ಟರ್ ನೋಡಿ ಬರುವುದಲ್ಲ, ಫ್ಲೋರಿನಲ್ಲಿ ನಾಲ್ವರನ್ನು ನಿಲ್ಲಿಸಿ ಸದಸ್ಯರ ಹೆಸರು ಕೇಳಲಿ. ವಿಚಾರಣೆಯ ನಡಾವಳಿ ಕನ್ನಡದಲ್ಲಿರಲಿ, ಬೇರೆ ರಾಜ್ಯದಿಂದ ಬಂದು ದುಡಿಯುವವರಿಗೆ ಅವರ ಭಾಷೆಯಲ್ಲಿ ಓದಿ ಹೇಳಲಿ. ಅಲ್ಲಿಯವರೆಗೆ ಇಂಗ್ಲಿಷಿನ ನಡಾವಳಿಗೆ ಸಹಿ ಹಾಕಲೇಬೇಕಾಗಿ ಬಂದವರು, ಸಹಿಯ ಪಕ್ಕದಲ್ಲಿ ತಾರೀಖು ಹಾಕಿ "ನನಗೆ ಇಂಗ್ಲಿಷ್ ಓದಲು ಬಾರದು, ಓದಿ ಹೇಳಿಲ್ಲ" ಎಂದು ಕನ್ನಡದಲ್ಲೇ ಬರೆದು, ಅದರ ಪ್ರತಿ ಕೇಳಿ ಪಡೆಯಲಿ.

— ದುಡಿಯುವ ಮಹಿಳೆಯರಿಗೆ ಕಾನೂನು ನೆರವು ನೀಡುವ ವಕೀಲರು ಮತ್ತು ಅರೆ ಕಾನೂನು ಸ್ವಯಂಸೇವಕರು, ಬೆಂಗಳೂರು